ಮರಸೇಬಿನ (ಪೇರ್ ಹಣ್ಣಿನ) ಕ್ರಂಬಲ್: ಸಕ್ಕರೆ, ಬೆಣ್ಣೆ ಕಡಿಮೆ ಮಾಡುವ ಮೊದಲು ಅವು ಮಾಡುವ ಕೆಲಸ ತಿಳಿದಿರಲಿ

ಕತ್ತರಿಸಿದ ಹಣ್ಣಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಬೆರೆಸಿದ ಉದುರು ಪುಡಿ ಹರಡಿ ಓವನ್ನಿನಲ್ಲಿ ಬೇಯಿಸಿದರೆ ಅದೇ ಕ್ರಂಬಲ್. ಕೆಳಗೆ ಹಣ್ಣು ಮೆತ್ತಗೆ ಬೆಂದು ರಸ ಬಿಟ್ಟಿರುತ್ತದೆ. ಮೇಲೆ ಗರಿಗರಿ ಪದರ. ಇದು ಇಂಗ್ಲೆಂಡಿನ ಮನೆಯಡುಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. 1940ರ ಜನವರಿಯಲ್ಲಿ ಶುರುವಾದ ಆಹಾರದ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಪೈ (ಹಿಟ್ಟಿನ ಹೊದಿಕೆಯೊಳಗೆ ಹಣ್ಣು ತುಂಬಿ ಬೇಯಿಸುವ ತಿನಿಸು) ಮಾಡುವಷ್ಟು ಹಿಟ್ಟು, ಬೆಣ್ಣೆ ಕೈಗೆ ಸಿಗದಿದ್ದಾಗ ಹಣ್ಣಿನ ಮೇಲೆ ಒಂದಿಷ್ಟು ಪುಡಿ ಉದುರಿಸಿ ಬೇಯಿಸುವುದು ಮನೆಮನೆಗೂ ಹರಡಿತು. ಅಂದರೆ ಕೊರತೆಯ ದಿನಗಳಲ್ಲೇ ಬೆಳೆದ ತಿನಿಸು ಇದು. ಕಡಿಮೆ ಬೆಣ್ಣೆ, ಕಡಿಮೆ ಸಕ್ಕರೆಗೆ ಅದು ಚೆನ್ನಾಗಿಯೇ ಒಗ್ಗುತ್ತದೆ.

ಕೊಡಗಿನಲ್ಲಿ ಇಂಥ ಅಡುಗೆ ತೀರಾ ಹೊರಗಿನದು ಅನ್ನಿಸುವುದಿಲ್ಲ. ಕಾಫಿ ತೋಟದ ಬಂಗಲೆಗಳ ಕಾಲದಿಂದ ಕೇಕ್, ಪುಡ್ಡಿಂಗ್, ಕಸ್ಟರ್ಡ್ ಇಲ್ಲಿನ ಅಡುಗೆಮನೆಗಳಿಗೆ ಪರಿಚಯ. ಈಗ ಹೋಂಸ್ಟೇಗಳಲ್ಲಿ ಊಟದ ಕೊನೆಗೆ ಏನಾದರೂ ಬೇಕ್ ಮಾಡಿದ್ದು ಇರಲಿ ಎನ್ನುವವರು ಜಾಸ್ತಿ. ಅದರ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ಶುಗರ್ ಇದೆ, ಕೊಲೆಸ್ಟ್ರಾಲ್ ಇದೆ, ಸ್ವಲ್ಪ ಹಗುರವಾಗಿ ಮಾಡೋಕೆ ಆಗಲ್ವಾ?

ಆಗುತ್ತದೆ. ಆದರೆ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಮೈದಾ ತೆಗೆದು ರಾಗಿ ಹಿಟ್ಟು, ಸಕ್ಕರೆ ತೆಗೆದು ಅಷ್ಟೇ ತೂಕದ ಬೆಲ್ಲ, ಬೆಣ್ಣೆ ಅರ್ಧ. ಓವನ್ನಿನಿಂದ ಹೊರಗೆ ಬಂದಾಗ ಹಣ್ಣಿನ ಮೇಲೆ ಒಣ ಧೂಳು ಕೂತಿರುತ್ತದೆ. ಬಾಯಿಗೆ ಹಾಕಿದರೆ ಹಸಿ ಹಿಟ್ಟಿನ ರುಚಿ. ಸಕ್ಕರೆಯೂ ನಿಜವಾಗಿ ಕಡಿಮೆ ಆಗಿರುವುದಿಲ್ಲ. ಯಾಕೆ ಹೀಗಾಗುತ್ತದೆ ಎಂದರೆ, ಕ್ರಂಬಲ್‌ನಲ್ಲಿ ಸಕ್ಕರೆ ಬರೀ ಸಿಹಿಗಾಗಿ ಇರುವುದಿಲ್ಲ, ಬೆಣ್ಣೆ ಬರೀ ರುಚಿಗಾಗಿ ಇರುವುದಿಲ್ಲ. ಎರಡಕ್ಕೂ ಬೇರೆ ಕೆಲಸಗಳಿವೆ. ಆ ಕೆಲಸವನ್ನು ಇನ್ನೊಂದು ಪದಾರ್ಥಕ್ಕೋ, ಇನ್ನೊಂದು ವಿಧಾನಕ್ಕೋ ಒಪ್ಪಿಸಿದರೆ ಮಾತ್ರ ಅವನ್ನು ತೆಗೆಯಬಹುದು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ತಂಬುಟ್ಟನ್ನು ನೆನಪು ಮಾಡಿಕೊಳ್ಳಿ. ಹುರಿದು ಪುಡಿ ಮಾಡಿದ ಅಕ್ಕಿ, ಚೆನ್ನಾಗಿ ಕಳಿತ ಬಾಳೆಹಣ್ಣು, ಏಲಕ್ಕಿ, ಎಳ್ಳು, ತೆಂಗಿನ ತುರಿ, ಮೇಲೊಂದಿಷ್ಟು ತುಪ್ಪ. ಅದರಲ್ಲಿ ಸಿಹಿ ಬರುವುದು ಹೆಚ್ಚಾಗಿ ಹಣ್ಣಿನಿಂದ, ಘಮ ಬರುವುದು ಹುರಿದದ್ದರಿಂದ. ತುಪ್ಪ ಕೊನೆಯಲ್ಲಿ ಬರುತ್ತದೆ, ಅದೂ ಅಳತೆಯಲ್ಲಿ. ಒಳ್ಳೆಯ ಹಗುರ ಕ್ರಂಬಲ್ ಮಾಡುವ ಲೆಕ್ಕವೂ ಇದೇ.

ಮೊದಲು ಅಳತೆ ನೋಡೋಣ

ಹಳೆಯ ಇಂಗ್ಲಿಷ್ ಕ್ರಮದಲ್ಲಿ ಮೇಲಿನ ಪುಡಿಗೆ ಎರಡು ಪಾಲು ಮೈದಾ, ಒಂದು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ. ಆರು ಜನರಿಗೆ ಎಂದರೆ 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ. ಕೆಳಗಿನ ಹಣ್ಣು 800 ಗ್ರಾಂ, ಅದಕ್ಕೆ ಇನ್ನೊಂದು 50 ಗ್ರಾಂ ಸಕ್ಕರೆ. ಹೀಗೆ ಮಾಡಿದರೆ ಒಬ್ಬರ ಪಾಲಿಗೆ ಸುಮಾರು 410 ಕ್ಯಾಲೊರಿ. ಹೊರಗಿನಿಂದ ಹಾಕಿದ ಸಕ್ಕರೆಯೇ 25 ಗ್ರಾಂ, ಅಂದರೆ ಆರು ಟೀ ಚಮಚ. ಬೆಣ್ಣೆಯಿಂದ ಬರುವ ಸ್ಯಾಚುರೇಟೆಡ್ ಕೊಬ್ಬು (ಕೊಲೆಸ್ಟ್ರಾಲ್ ಏರಿಸುವ ಬಗೆಯದು) ಎಂಟೂವರೆ ಗ್ರಾಂ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸಲಹೆ ಪ್ರಕಾರ, ದಿನಕ್ಕೆ 2,000 ಕ್ಯಾಲೊರಿ ತಿನ್ನುವ ವ್ಯಕ್ತಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗೇ ಇದ್ದರೆ ಇನ್ನೂ ಒಳ್ಳೆಯದು. ಒಂದು ಬಟ್ಟಲು ಕ್ರಂಬಲ್‌ನಲ್ಲೇ ಆ 25 ಗ್ರಾಂ ಮುಗಿದು ಹೋಗುತ್ತದೆ. ಇನ್ನು ಕಾಫಿ, ಟೀ, ಬಿಸ್ಕೆಟ್ಟಿನ ಲೆಕ್ಕ ಬೇರೆ.

ನಾನು ಒಪ್ಪುವ ಅಳತೆ ಇದು. ಸಿಪ್ಪೆ ಸಮೇತ ಕತ್ತರಿಸಿದ ಮರಸೇಬು 900 ಗ್ರಾಂ, ದಪ್ಪ ಓಟ್ಸ್ 80 ಗ್ರಾಂ, ಗೋಧಿ ಹಿಟ್ಟು 40 ಗ್ರಾಂ (ಅರ್ಧ ರಾಗಿ ಬೆರೆಸಬಹುದು), ಒರಟಾಗಿ ಕುಟ್ಟಿದ ಗೋಡಂಬಿ ಅಥವಾ ಬಾದಾಮಿ 40 ಗ್ರಾಂ, ಬೆಣ್ಣೆ 45 ಗ್ರಾಂ, ಬೆಲ್ಲ 35 ಗ್ರಾಂ, ಒಂದು ದೊಡ್ಡ ಚಮಚ ಹಾಲು, ಒಂದು ಚಿಟಿಕೆ ಉಪ್ಪು. ಹಣ್ಣಿಗೆ ಸಕ್ಕರೆ ಇಲ್ಲ. ಒಬ್ಬರ ಪಾಲು ಸುಮಾರು 270 ಕ್ಯಾಲೊರಿಗೆ ಇಳಿಯುತ್ತದೆ. ಸೇರಿಸಿದ ಸಕ್ಕರೆ ಐದಾರು ಗ್ರಾಂ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚುಕಡಿಮೆ ಅರ್ಧ. ನಾರಿನಂಶ ಏಳು ಗ್ರಾಂ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂಬ ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿಯೇ ಆಯಿತು.

ಇಲ್ಲಿ ದೊಡ್ಡ ಬದಲಾವಣೆ ಯಾವುದು ಗಮನಿಸಿ. ಮೇಲಿನ ಪುಡಿ 400 ಗ್ರಾಂನಿಂದ 240ಕ್ಕೆ ಇಳಿದಿದೆ, ಹಣ್ಣು ಏರಿದೆ. ಬೆಲ್ಲವೋ ಸಕ್ಕರೆಯೋ ಎಂಬ ಚರ್ಚೆಗಿಂತ ಇದರಿಂದಾಗುವ ಲಾಭವೇ ಹೆಚ್ಚು.

ಹಣ್ಣು ಕಳಿತಿದ್ದರೆ ಅರ್ಧ ಕೆಲಸ ಮುಗಿಯಿತು

ಹಣ್ಣಿಗೆ ಸಕ್ಕರೆ ಹಾಕುವುದಿಲ್ಲ ಎಂದಮೇಲೆ ಹಣ್ಣೇ ಸಿಹಿಯಾಗಿರಬೇಕು. ಮರಸೇಬಿನ ವಿಷಯದಲ್ಲಿ ಎಡವುವುದು ಇಲ್ಲೇ. ಮಾವಿನ ಹಾಗೆ ಇದು ಮೇಲೆ ಬಣ್ಣ ತೋರಿಸುವುದಿಲ್ಲ. ಎಷ್ಟೋ ಮರಸೇಬು ಪೂರ್ತಿ ಕಳಿತ ಮೇಲೂ ಹಸಿರಾಗಿಯೇ ಇರುತ್ತದೆ. ಮರದಲ್ಲೇ ಬಿಟ್ಟರೆ ಇದು ಒಳಗಿನಿಂದ, ಅಂದರೆ ಬೀಜದ ಸುತ್ತಿನಿಂದ, ಹಣ್ಣಾಗುತ್ತಾ ಬರುತ್ತದೆ. ಹೊರಗೆ ಮೆತ್ತಗಾಗುವ ಹೊತ್ತಿಗೆ ಒಳಗೆ ಕಂದಿ ಕೊಳೆಯಲು ಶುರುವಾಗಿರುತ್ತದೆ. ಅದಕ್ಕೇ ಬಲಿತ ಕಾಯನ್ನೇ ಕೊಯ್ದು, ಆಮೇಲೆ ಹಣ್ಣು ಮಾಡುತ್ತಾರೆ. ಕಾಯಿಯಲ್ಲಿ ಕೂಡಿಟ್ಟ ಪಿಷ್ಟ ಆಗ ಸಕ್ಕರೆಯಾಗುತ್ತದೆ.

ಪರೀಕ್ಷೆ ಸುಲಭ. ತೊಟ್ಟಿನ ಪಕ್ಕದ ಕತ್ತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸ್ವಲ್ಪ ಒಳಗೆ ಹೋದರೆ ಹಣ್ಣು ತಯಾರು. ಹೊಟ್ಟೆಯ ಭಾಗವೇ ಮೆತ್ತಗಾಗಿದ್ದರೆ ಸಮಯ ಮೀರಿದೆ. ಅಂಥದ್ದನ್ನು ಬೇಯಿಸಿದರೆ ಗೊಜ್ಜಾಗುತ್ತದೆ. ಕ್ರಂಬಲ್‌ಗೆ ಕತ್ತು ಈಗಷ್ಟೇ ಮೆತ್ತಗಾಗಿ, ಹೊಟ್ಟೆ ಇನ್ನೂ ಗಟ್ಟಿ ಇರುವ ಹಣ್ಣು ಬೇಕು. ಹಣ್ಣಿನ ಅಂಗಡಿಯಲ್ಲಿ "ಇವತ್ತಿಗಾ, ನಾಳಿದ್ದಿಗಾ?" ಎಂದು ಕೇಳುತ್ತಾರಲ್ಲ, ನಾಳಿದ್ದಿಗೆ ಎಂದು ಹೇಳಿ ತನ್ನಿ.

ಕಾಯಿ ಸಿಕ್ಕಿದರೆ ಅಕ್ಕಿ ಡಬ್ಬದಲ್ಲಿ ಹೂತಿಡಿ. ಅಥವಾ ಕಾಗದದ ಚೀಲದಲ್ಲಿ ಒಂದು ಕಳಿತ ಬಾಳೆಹಣ್ಣಿನ ಜೊತೆ ಹಾಕಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಅಲ್ಲೇ ನಿಂತು ಬೇಗ ಹಣ್ಣು ಮಾಡುತ್ತದೆ. ಮಡಿಕೇರಿಯ ಮಳೆಯ ಚಳಿಗೆ ಬಯಲುಸೀಮೆಗಿಂತ ಒಂದೆರಡು ದಿನ ಹೆಚ್ಚೇ ಹಿಡಿಯಬಹುದು. ದಿನಾ ಒಮ್ಮೆ ಕತ್ತು ಒತ್ತಿ ನೋಡಿ. ತಯಾರಾದ ಕೂಡಲೇ ಫ್ರಿಜ್ಜಿಗೆ ಹಾಕಿದರೆ ಮುಂದೆ ಹೋಗುವುದು ನಿಧಾನವಾಗುತ್ತದೆ.

ಯಾವ ಮರಸೇಬು ಎನ್ನುವುದೂ ಮುಖ್ಯ. ಮಳೆಗಾಲದಲ್ಲಿ ನೀಲಗಿರಿ ಕಡೆಯಿಂದ ಬರುವುದು ಒರಟು ಸಿಪ್ಪೆಯ, ಗಟ್ಟಿ ಜಾತಿ. ಅಲ್ಲಿ ಬೆಳೆಯುವ ಕೀಫರ್ ತಳಿ ಏಷ್ಯಾದ ಮರಸೇಬು ಮತ್ತು ಯುರೋಪಿನ ಮರಸೇಬು ಬೆರೆತು ಹುಟ್ಟಿದ್ದು. ತಿನ್ನುವಾಗ ಮರಳು ಮರಳಾಗಿ ಸಿಗುವುದು ಅದರಲ್ಲಿ ಹೆಚ್ಚು. ಅದು ಕೊಳೆಯಲ್ಲ, ಗೋಡೆ ದಪ್ಪಗಾಗಿ ಗಟ್ಟಿಯಾದ ಜೀವಕೋಶಗಳ ಗುಂಪು. ಬೀಜದ ಸುತ್ತ ಅವು ದಟ್ಟವಾಗಿರುತ್ತವೆ. ಅದಕ್ಕೇ ನಡುವಿನ ಭಾಗವನ್ನು ಧಾರಾಳವಾಗಿ ತೆಗೆದುಬಿಡಿ. ಹಸಿಯಾಗಿ ತಿನ್ನಲು ಈ ಹಣ್ಣನ್ನು ಇಷ್ಟಪಡದವರಿದ್ದಾರೆ. ಆದರೆ ಓವನ್ನಿಗೆ ನನ್ನ ಆಯ್ಕೆ ಇದೇ. ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ, ಬೆಲೆಯೂ ಕಮ್ಮಿ. ಸ್ಟಿಕ್ಕರ್ ಅಂಟಿಸಿ ಬರುವ ಹೊರದೇಶದ ಹಣ್ಣು ಬೆಣ್ಣೆಯಂತೆ ಕರಗುತ್ತದೆ. ತಿನ್ನಲು ರುಚಿ, ಆದರೆ ರಸ ಜಾಸ್ತಿ ಬಿಟ್ಟು ಮೇಲಿನ ಪದರವನ್ನು ನೆನೆಸುತ್ತದೆ.

ಸಿಪ್ಪೆ ತೆಗೆಯಬೇಡಿ. ನಾರಿನಂಶದ ಒಳ್ಳೆಯ ಪಾಲು ಅಲ್ಲೇ ಇದೆ. 100 ಗ್ರಾಂ ಮರಸೇಬಿನಲ್ಲಿ ಸುಮಾರು 57 ಕ್ಯಾಲೊರಿ, 3 ಗ್ರಾಂ ನಾರು. ಸಿಪ್ಪೆ ಹೋದರೆ ಈ ನಾರು ಕಡಿಮೆಯಾಗುತ್ತದೆ. ಸಿಪ್ಪೆ ತೀರಾ ಒರಟಾಗಿದ್ದರೆ ಅಲ್ಲಲ್ಲಿ ಪಟ್ಟಿಯಾಗಿ ಹೆರೆದು ಉಳಿದದ್ದನ್ನು ಬಿಡಿ. ಹೋಳು ಹೆಬ್ಬೆರಳಿನ ಗಾತ್ರಕ್ಕಿಂತ ಚಿಕ್ಕದು ಬೇಡ.

ಮರಸೇಬಿನಲ್ಲಿ ಹುಳಿ ಕಡಿಮೆ. ಹುಳಿ ಇಲ್ಲದ ಸಿಹಿ ಬೇಗ ಸಪ್ಪೆ ಅನ್ನಿಸುತ್ತದೆ, ಆಗ ಕೈ ತಾನಾಗಿ ಸಕ್ಕರೆ ಡಬ್ಬಕ್ಕೆ ಹೋಗುತ್ತದೆ. ಬೇಕಾಗಿರುವುದು ಸಕ್ಕರೆಯಲ್ಲ, ನಿಂಬೆ. ಒಂದು ನಿಂಬೆಹಣ್ಣಿನ ರಸ, ಅರ್ಧ ನಿಂಬೆಯ ಸಿಪ್ಪೆಯ ತುರಿ ಸಾಕು. ಗಜನಿಂಬೆ ಇದ್ದರೆ ಇನ್ನೂ ಒಳ್ಳೆಯದು, ಅದರ ಸಿಪ್ಪೆಯ ಪರಿಮಳವೇ ಬೇರೆ. ಕತ್ತರಿಸಿದ ಹೋಳು ಕಪ್ಪಾಗುವುದನ್ನೂ ಈ ಹುಳಿ ತಡೆಯುತ್ತದೆ.

ಇನ್ನು ಏಲಕ್ಕಿ. ಏಲಕ್ಕಿ, ಚಕ್ಕೆಯಂಥ ಪರಿಮಳವನ್ನು ನಾವು ಚಿಕ್ಕಂದಿನಿಂದ ಸಿಹಿಯ ಜೊತೆಗೇ ತಿಂದಿದ್ದೇವೆ. ಹಾಗಾಗಿ ಆ ಘಮ ಬಂದರೆ ನಾಲಿಗೆಗೆ ಇರುವುದಕ್ಕಿಂತ ಹೆಚ್ಚು ಸಿಹಿ ಇದ್ದಂತೆ ಅನ್ನಿಸುತ್ತದೆ. ಇದನ್ನು ಧೈರ್ಯವಾಗಿ ಬಳಸಿಕೊಳ್ಳಿ. ಮೂರ್ನಾಲ್ಕು ಏಲಕ್ಕಿಯನ್ನು ಆಗಲೇ ಕುಟ್ಟಿ ಹಣ್ಣಿಗೆ ಹಾಕಿ, ಮೇಲಿನ ಪುಡಿಗೆ ಬೇಡ. ಏಲಕ್ಕಿಯ ಎಣ್ಣೆ ಬಿಸಿಗೆ ಹಾರಿಹೋಗುವಂಥದ್ದು. ಪದರದ ಕೆಳಗೆ ಹಣ್ಣಿನ ರಸದಲ್ಲಿದ್ದರೆ ಹೆಚ್ಚು ಉಳಿಯುತ್ತದೆ. ಜೊತೆಗೆ ನಾಲ್ಕು ಕಾಳು ಕರಿಮೆಣಸು ಕುಟ್ಟಿ ಹಾಕಿ ನೋಡಿ. ಮರಸೇಬಿಗೆ ಮೆಣಸಿನ ಖಾರ ತುಂಬ ಚೆನ್ನಾಗಿ ಹೊಂದುತ್ತದೆ. ಮನೆಯ ತೋಟದ್ದೇ ಮೆಣಸಾದರೆ ಚಕ್ಕೆಯ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಲ್ಲ, ಜೇನು: ಒಂದು ನೇರ ಮಾತು

ಬೆಲ್ಲ ಹಾಕಿದರೆ ಶುಗರ್ ಇದ್ದವರೂ ತಿನ್ನಬಹುದು ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ಸರಿಯಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿ ಒಂದಿಷ್ಟು ಖನಿಜಾಂಶ ಇದೆ ನಿಜ, ಆದರೆ ಒಬ್ಬರ ಪಾಲಿನ ಆರು ಗ್ರಾಂ ಬೆಲ್ಲದಲ್ಲಿ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಕೊಡಗಿನ ಜೇನು ನಮಗೆಲ್ಲ ಹೆಮ್ಮೆ. ಆದರೂ ಜೇನಿನಲ್ಲಿ ಸುಮಾರು ಶೇಕಡಾ 80ರಷ್ಟು ಸಕ್ಕರೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜೇನು, ಹಣ್ಣಿನ ರಸ ಎರಡೂ ಹೊರಗಿನಿಂದ ಸೇರಿಸಿದ ಸಕ್ಕರೆಯ ಗುಂಪಿಗೇ ಸೇರುತ್ತವೆ. ಇಡೀ ಹಣ್ಣಿನೊಳಗಿರುವ ಸಕ್ಕರೆ ಆ ಗುಂಪಿಗೆ ಬರುವುದಿಲ್ಲ.

ಹಾಗಾದರೆ ಬೆಲ್ಲ ಯಾಕೆ? ರುಚಿಗೆ. ಬೆಲ್ಲದ ರುಚಿ ಗಾಢ, ಅದರಿಂದ ಕಡಿಮೆ ಹಾಕಿದರೂ ಇದೆ ಅನ್ನಿಸುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಮೇಲಿನ ಪದರಕ್ಕೆ ಒಂದಿಷ್ಟು ಸಕ್ಕರೆ ಬೇಕೇ ಬೇಕು. ಓವನ್ನಿನಲ್ಲಿ ಅದು ಕರಗಿ ಓಟ್ಸ್, ಹಿಟ್ಟು, ಬೀಜಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆರಿದ ಮೇಲೆ ಗಟ್ಟಿಯಾಗಿ ಗರಿಗರಿಯಾಗುತ್ತದೆ. ಕಂದು ಬಣ್ಣ ಬರುವುದಕ್ಕೂ ಅದರ ಪಾಲಿದೆ. ಸ್ಟೀವಿಯಾದಂಥ ಸಿಹಿಕಾರಕ ಹಾಕಿದರೆ ಸಿಹಿ ಮಾತ್ರ ಬರುತ್ತದೆ, ಅಂಟೂ ಇಲ್ಲ, ಬಣ್ಣವೂ ಇಲ್ಲ. ತೂಕ ಇಳಿಸಲು ಇಂಥವನ್ನು ನೆಚ್ಚಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಜೇನನ್ನು ಮೇಲಿನ ಪುಡಿಗೆ ಬೆರೆಸುವುದು ನನಗೆ ಸರಿ ಕಾಣುವುದಿಲ್ಲ. ಅದರಲ್ಲಿರುವ ನೀರು, ಫ್ರಕ್ಟೋಸ್ ಎರಡೂ ಸೇರಿ ಪದರ ಜಿಗುಟಾಗುತ್ತದೆ, ಬೇಗ ಕಪ್ಪಾಗುತ್ತದೆ. ಒಳ್ಳೆಯ ಜೇನಿನ ಪರಿಮಳವೂ ಬಿಸಿಗೆ ಹೋಗಿಬಿಡುತ್ತದೆ. ಬೇಕಿದ್ದರೆ ಬಡಿಸಿದ ಮೇಲೆ ಅರ್ಧ ಚಮಚ ಸುರಿದುಕೊಳ್ಳಿ.

ಹಣ್ಣಿಗೆ ಸಕ್ಕರೆ ಹಾಕದೇ ಇರುವುದರಿಂದ ಇನ್ನೊಂದು ಲಾಭವಿದೆ. ಸಕ್ಕರೆ ಹಣ್ಣಿನಿಂದ ನೀರು ಎಳೆಯುತ್ತದೆ. ಅದಿಲ್ಲದಿದ್ದರೆ ರಸ ಕಡಿಮೆ ಬಿಡುತ್ತದೆ, ಪದರ ಒಣಗಿರುತ್ತದೆ. ಒಂದೇ ಎಚ್ಚರಿಕೆ: ಸಕ್ಕರೆ ಇದ್ದಾಗ ಹೋಳುಗಳು ಗಟ್ಟಿಯಾಗಿ ನಿಲ್ಲುತ್ತವೆ, ಇಲ್ಲದಿದ್ದಾಗ ಬೇಗ ಮೆತ್ತಗಾಗುತ್ತವೆ. ಹಾಗಾಗಿ ಹೋಳು ದೊಡ್ಡದಿರಲಿ.

ಬೆಣ್ಣೆ ಏನು ಮಾಡುತ್ತದೆ

ಹಿಟ್ಟಿನ ಕಣಗಳಿಗೆ ಬೆಣ್ಣೆ ಹೊದಿಕೆಯಾಗಿ ಕೂತರೆ ನೀರು ಒಳಗೆ ಹೋಗುವುದಿಲ್ಲ. ಆಗ ಗೋಧಿಯ ಅಂಟು ಎಳೆ ಕಟ್ಟುವುದಿಲ್ಲ. ಚಪಾತಿ ಹಿಟ್ಟಿನ ಹಾಗೆ ಎಳೆದರೆ ಬರುವಂತೆ ಆಗದೆ, ಬಾಯಲ್ಲಿ ಪುಡಿಯಾಗುವ ಹದ ಬರುವುದು ಹೀಗೆ. ಬೆಣ್ಣೆ ತಣ್ಣಗಿರಬೇಕು ಎನ್ನುವುದು ಇದಕ್ಕೇ. ಕರಗಿದ ಬೆಣ್ಣೆ ಹಿಟ್ಟಿನಲ್ಲಿ ಪೂರ್ತಿ ಹೀರಿಕೊಂಡು ಒಂದೇ ಮುದ್ದೆಯಾಗುತ್ತದೆ. ತಣ್ಣಗಿನ ತುಣುಕು ಅಲ್ಲಲ್ಲೇ ನಿಂತು, ಓವನ್ನಿನಲ್ಲಿ ಕರಗಿ, ತನ್ನಲ್ಲಿರುವ ನೀರನ್ನು ಆವಿ ಮಾಡಿ ಅಲ್ಲಲ್ಲಿ ಪೊಳ್ಳು ಬಿಡುತ್ತದೆ.

ಬೆಣ್ಣೆ ಅರ್ಧ ಮಾಡಿದರೆ ಈ ಹೊದಿಕೆ ಸಾಕಾಗುವುದಿಲ್ಲ. ಧೂಳಿನಂಥ ಪದರದ ಗುಟ್ಟು ಇದೇ. ಇದಕ್ಕೆ ಪರಿಹಾರ ಮೂರು ಕಡೆಯಿಂದ ಬರುತ್ತದೆ. ಓಟ್ಸ್ ಹಿಟ್ಟಿನ ಹಾಗೆ ಕೊಬ್ಬು ಬೇಡುವುದಿಲ್ಲ, ಅದು ಚಪ್ಪಟೆ ತುಂಡಾಗಿ ತನ್ನಷ್ಟಕ್ಕೆ ಗರಿಗರಿಯಾಗುತ್ತದೆ. ಕುಟ್ಟಿದ ಗೋಡಂಬಿ, ಬಾದಾಮಿಯಲ್ಲಿ ಅರ್ಧದಷ್ಟು ತೂಕ ಕೊಬ್ಬೇ, ಅದೂ ಹೆಚ್ಚಾಗಿ ಹೃದಯಕ್ಕೆ ಒಗ್ಗುವ ಬಗೆಯದು. ಉಳಿದ ಅಂಟಿಗೆ ಒಂದು ಚಮಚ ಹಾಲು. ಹಾಲು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದು ಒತ್ತಿ, ಆಮೇಲೆ ಒಡೆಯಿರಿ. ಕಡಲೆಯಷ್ಟು ದಪ್ಪದ ಉಂಡೆಗಳು, ನಡುನಡುವೆ ಉದುರು ಪುಡಿ ಇರಬೇಕು. ಆ ಉಂಡೆಗಳೇ ಬಾಯಿಗೆ ಕುರುಕುರು ಸಿಗುವುದು. ಬಟ್ಟಲನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಉಂಡೆ ಚೆನ್ನಾಗಿ ಗಟ್ಟಿಯಾಗುತ್ತದೆ.

ತುಪ್ಪ ಬಳಸಬಹುದಾ? ಬಳಸಬಹುದು. ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬು, ತುಪ್ಪ ಪೂರ್ತಿ ಕೊಬ್ಬು. ಹಾಗಾಗಿ 45 ಗ್ರಾಂ ಬೆಣ್ಣೆಯ ಬದಲು 35 ಗ್ರಾಂ ತುಪ್ಪ ಸಾಕು, ಆದರೆ ಹಾಲು ಎರಡು ಚಮಚ ಬೇಕು, ಇಲ್ಲದಿದ್ದರೆ ಮರಳಿನಂತಾಗುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಳೆಗಾಲದ ಕೊಡಗಿನಲ್ಲಿ ಬಾಟಲಿಯಲ್ಲಿ ಅದು ಗಟ್ಟಿಯಾಗಿಯೇ ಇರುತ್ತದೆ, ಅಲ್ವಾ? ಅದನ್ನು ಚಮಚದಲ್ಲಿ ಕೆರೆದು ಬೆಣ್ಣೆಯ ಹಾಗೆಯೇ ಹಿಟ್ಟಿಗೆ ಉಜ್ಜಬಹುದು. ಹಾಲು, ಬೆಣ್ಣೆ ತಿನ್ನದವರಿಗೆ ಇದು ಒಳ್ಳೆಯ ದಾರಿ. ಆದರೆ ಹೃದಯಕ್ಕೆ ಹಗುರ ಎಂದುಕೊಳ್ಳಬೇಡಿ. ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇಕಡಾ 80 ದಾಟುತ್ತದೆ. ಬೆಣ್ಣೆಯಲ್ಲಿ ಅದು ಶೇಕಡಾ 50ರ ಹತ್ತಿರ.

ಓಟ್ಸ್ ಬಗ್ಗೆಯೂ ಅಷ್ಟೇ ನೇರವಾಗಿ ಹೇಳಬೇಕು. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ದಿನಕ್ಕೆ 3 ಗ್ರಾಂ ಸಿಕ್ಕಿದರೆ ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತದೆ. ನಮ್ಮ ಕ್ರಂಬಲ್‌ನ ಒಂದು ಪಾಲಿನಲ್ಲಿ ಸಿಗುವುದು ಸುಮಾರು ಅರ್ಧ ಗ್ರಾಂ. ಮೈದಾಕ್ಕಿಂತ ಒಳ್ಳೆಯದು ಹೌದು, ಔಷಧ ಅಲ್ಲ. ಕೊಳ್ಳುವಾಗ ದಪ್ಪ ಚಪ್ಪಟೆ ಓಟ್ಸ್ ನೋಡಿ. ಎರಡು ನಿಮಿಷದಲ್ಲಿ ಬೇಯುವ ಪುಡಿಪುಡಿ ಓಟ್ಸ್ ರಸ ಹೀರಿ ಗಂಜಿಯಾಗುತ್ತದೆ. ರಾಗಿ ಹಿಟ್ಟು ಹಾಕುವುದಾದರೆ ಮೊದಲು ಬಾಣಲೆಯಲ್ಲಿ ಘಮ ಬರುವವರೆಗೆ ಹುರಿಯಿರಿ. ರಾಗಿಯಲ್ಲಿ ಗೋಧಿಯ ಅಂಟು ಇಲ್ಲ, ಹಸಿಯಾಗಿ ಹಾಕಿದರೆ ಬಾಯಲ್ಲಿ ಹಿಟ್ಟು ಹಿಟ್ಟಾಗಿ ಉಳಿಯುತ್ತದೆ. ಒಂದು ಚಮಚ ಎಳ್ಳನ್ನೂ ಹುರಿದು ಸೇರಿಸಿದರೆ ತಂಬುಟ್ಟಿನ ಘಮ ಹತ್ತಿರ ಬರುತ್ತದೆ.

ಓವನ್ನಿನಲ್ಲಿ

ಓಟಿಜಿಯನ್ನು (ಮನೆಬಳಕೆಯ ಚಿಕ್ಕ ಕರೆಂಟ್ ಓವನ್) 180 ಡಿಗ್ರಿಗೆ ಮೊದಲೇ ಬಿಸಿ ಮಾಡಿಡಿ. ಅಗಲವಾದ, ಆಳ ಕಡಿಮೆ ಇರುವ ಪಾತ್ರೆ ಬೇಕು. ಆಳದ ಪಾತ್ರೆಯಲ್ಲಿ ಹಣ್ಣಿನ ಆವಿಯೆಲ್ಲ ಚಿಕ್ಕ ಜಾಗದಿಂದ ಮೇಲೆ ಬಂದು ಪದರವನ್ನು ನೆನೆಸುತ್ತದೆ. ಹೋಳುಗಳಿಗೆ ನಿಂಬೆರಸ, ಏಲಕ್ಕಿ, ಮೆಣಸು, ಎರಡು ಟೀ ಚಮಚ ಅಕ್ಕಿ ಹಿಟ್ಟು ಬೆರೆಸಿ. ಕಾರ್ನ್‌ಫ್ಲೋರ್ ತರಲು ಅಂಗಡಿಗೆ ಹೋಗುವುದು ಬೇಡ, ನುಣ್ಣಗಿನ ಅಕ್ಕಿ ಹಿಟ್ಟು ರಸವನ್ನು ಚೆನ್ನಾಗಿಯೇ ಗಟ್ಟಿ ಮಾಡುತ್ತದೆ. ಹಣ್ಣು ತೀರಾ ಗಟ್ಟಿ ಜಾತಿಯದಾದರೆ, ಅಕ್ಕಿ ಹಿಟ್ಟು ಬೆರೆಸುವ ಮೊದಲು, ಎರಡು ಚಮಚ ನೀರು ಹಾಕಿ ಮುಚ್ಚಿದ ಬಾಣಲೆಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿಕೊಳ್ಳಿ. ಆಮೇಲೆ ಪಾತ್ರೆಗೆ ಹಾಕಿ ಮೇಲೆ ಪುಡಿ ಉದುರಿಸಿ. ಒತ್ತಬೇಡಿ. ಅಲ್ಲಲ್ಲಿ ಹಣ್ಣು ಕಾಣುತ್ತಿರಲಿ, ಆವಿ ಅಲ್ಲಿಂದ ಹೊರಗೆ ಹೋಗುತ್ತದೆ.

ಮೂವತ್ತೈದರಿಂದ ನಲವತ್ತು ನಿಮಿಷ. ಮೇಲೆ ಹೊಂಬಣ್ಣ ಬಂದ ಮಾತ್ರಕ್ಕೆ ತೆಗೆಯಬೇಡಿ. ಅಂಚಿನಲ್ಲಿ ರಸ ದಪ್ಪಗೆ ಗುಳುಗುಳು ಕುದಿಯಬೇಕು. ಅಲ್ಲಿಯವರೆಗೆ ಅಕ್ಕಿ ಹಿಟ್ಟು ಬೆಂದು ರಸ ಕಟ್ಟಿರುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. ಓವನ್ 180 ತೋರಿಸಿದರೂ ರಸದಲ್ಲಿರುವ ಹಣ್ಣು ಆ 96ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕೇ ಮಂಗಳೂರಿನವರು ಹೇಳಿದ ಸಮಯಕ್ಕಿಂತ ಇಲ್ಲಿ ನಾಲ್ಕೈದು ನಿಮಿಷ ಹೆಚ್ಚು ಹಿಡಿದರೆ ಓವನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೇಲ್ಭಾಗ ಬೇಗ ಕೆಂಪಾದರೆ ಪಾತ್ರೆಯನ್ನು ಒಂದು ಹಂತ ಕೆಳಗಿಡಿ. ಫಾಯಿಲ್ ಮುಚ್ಚಿದರೆ ಆವಿ ಒಳಗೇ ನಿಂತು ಗರಿಗರಿ ಹೋಗುತ್ತದೆ.

ಹೊರಗೆ ತೆಗೆದ ಮೇಲೆ ಕಾಲು ಗಂಟೆ ಬಿಡಿ. ರಸ ಗಟ್ಟಿಯಾಗುವುದೂ, ಪದರ ಗರಿಗರಿಯಾಗುವುದೂ ಆರುವಾಗಲೇ.

ಮಳೆಗಾಲದ ತೊಂದರೆ

ನಮ್ಮ ಕಡೆ ಇದಕ್ಕೊಂದು ಪ್ರತ್ಯೇಕ ಸಮಸ್ಯೆ ಇದೆ. ಮರಸೇಬು ಹೆಚ್ಚಾಗಿ ಸಿಗುವುದು ಮಳೆಗಾಲದಲ್ಲಿ. ಕಕ್ಕಡದ (ಕೊಡಗಿನ ಆಟಿ ತಿಂಗಳ) ಮಳೆಯಲ್ಲಿ ಮನೆಯೊಳಗೆ ಬಟ್ಟೆ ಒಣಗದು, ಉಪ್ಪು ನೀರಾಗುತ್ತದೆ. ಅದೇ ಗಾಳಿಯಲ್ಲಿ ಓಟ್ಸ್, ಗೋಡಂಬಿ, ಬೆಲ್ಲ ಎಲ್ಲವೂ ತೇವ ಎಳೆದುಕೊಳ್ಳುತ್ತವೆ. ಬೆಲ್ಲ ಸಕ್ಕರೆಗಿಂತ ಹೆಚ್ಚು ತೇವ ಹೀರುತ್ತದೆ. ಮೆತ್ತಗಾದ ಬೆಲ್ಲವನ್ನು ಹಾಗೇ ಹಾಕಿದರೆ ಪದರ ಎಷ್ಟು ಬೇಯಿಸಿದರೂ ಅಂಟಂಟಾಗಿರುತ್ತದೆ.

ಓಟ್ಸ್, ಗೋಡಂಬಿಯನ್ನು ಮೊದಲು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿದು, ಪೂರ್ತಿ ಆರಿಸಿ. ಬೆಲ್ಲವನ್ನು ತುರಿದು ತಟ್ಟೆಯಲ್ಲಿ ಹರಡಿ, ಓವನ್ ಬಿಸಿಯಾಗುವಾಗ ಅದರ ಮೇಲೋ ಒಲೆಯ ಪಕ್ಕದಲ್ಲೋ ಇಡಿ. ಹುರಿದರೆ ತೇವ ಹೋಗುವುದಷ್ಟೇ ಅಲ್ಲ, ಘಮವೂ ಏರುತ್ತದೆ. ಸಕ್ಕರೆ ಕಡಿಮೆ ಮಾಡಿದಾಗ ಬಣ್ಣ, ಪರಿಮಳ ಎರಡೂ ತಗ್ಗುತ್ತವಲ್ಲ, ಅದನ್ನು ಹುರಿಯುವುದರಿಂದ ತುಂಬಿಕೊಳ್ಳಬಹುದು. ಬೇಸಿಗೆಯಲ್ಲಿ ಮಾಡುವಾಗಲೂ ಈ ಹಂತವನ್ನು ಬಿಡಬೇಡಿ ಎನ್ನುತ್ತೇನೆ.

ಕರೆಂಟ್ ಹೋದರೆ? ಮಳೆಗಾಲದ ಕೊಡಗಿನಲ್ಲಿ ಇದನ್ನು ಯೋಚಿಸಿಯೇ ಅಡುಗೆಗೆ ಇಳಿಯಬೇಕು. ಹಣ್ಣನ್ನು ಬಾಣಲೆಯಲ್ಲಿ ಮುಚ್ಚಿ ಮೆತ್ತಗೆ ಬೇಯಿಸಿ, ಕೊನೆಗೆ ನೀರಿನಲ್ಲಿ ಕಲಸಿದ ಅಕ್ಕಿ ಹಿಟ್ಟು ಹಾಕಿ ಕುದಿಸಿ. ಮೇಲಿನ ಪುಡಿಯನ್ನು ಬೇರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಉಂಡೆಗಳು ಒಡೆಯದ ಹಾಗೆ ಆಗಾಗ ತಿರುವುತ್ತಾ ಹತ್ತು ಹನ್ನೆರಡು ನಿಮಿಷ ಹುರಿಯಿರಿ. ಬಡಿಸುವಾಗ ಹಣ್ಣಿನ ಮೇಲೆ ಉದುರಿಸಿ. ರಸ ಪದರಕ್ಕೆ ಇಳಿದು ಒಂದಾಗುವ ಆ ನಡುವಿನ ಭಾಗ ಇದರಲ್ಲಿ ಸಿಗುವುದಿಲ್ಲ, ಅದೊಂದು ಕೊರತೆ. ಗರಿಗರಿ ಮಾತ್ರ ಓವನ್ನಿನದಕ್ಕಿಂತ ಚೆನ್ನಾಗಿರುತ್ತದೆ. ಊಟಕ್ಕೆ ಜನ ಬಿಟ್ಟು ಬಿಟ್ಟು ಬರುವ ಮನೆಗೆ ಇದೇ ಅನುಕೂಲ.

ಬಡಿಸುವಾಗ, ತಿನ್ನುವಾಗ

ಇದರ ಪಕ್ಕಕ್ಕೆ ಐಸ್‌ಕ್ರೀಮ್ ಇಟ್ಟರೆ ಉಳಿಸಿದ ಸಕ್ಕರೆಯೆಲ್ಲ ವಾಪಸ್ ಬಂದ ಹಾಗೆ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು ಇದಕ್ಕೆ ತುಂಬ ಚೆನ್ನಾಗಿ ಹೊಂದುತ್ತದೆ. ಸಿಹಿ ಬೆರೆಸಬೇಡಿ. ಬಿಸಿ ಹಣ್ಣು, ತಣ್ಣನೆ ಹುಳಿ ಮೊಸರು ಸೇರಿದಾಗ ಹಣ್ಣಿನ ಸಿಹಿ ಇನ್ನಷ್ಟು ಎದ್ದು ಕಾಣುತ್ತದೆ.

ಶುಗರ್ ಇರುವವರು ಗಮನಿಸಬೇಕು: ಸೇರಿಸಿದ ಸಕ್ಕರೆ ಕಡಿಮೆ ಇದ್ದರೂ ಒಂದು ಪಾಲಿನಲ್ಲಿ ಒಟ್ಟು ಕಾರ್ಬೋಹೈಡ್ರೇಟ್ 44 ಗ್ರಾಂ ಹತ್ತಿರ ಇದೆ. ಹಳೆಯ ಕ್ರಮದಲ್ಲಿ ಅದು 70 ಆಗುತ್ತಿತ್ತು. ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಅರ್ಧ ಪಾಲು ತಿಂದು, ಆ ಹೊತ್ತಿನ ಅನ್ನ ಅಥವಾ ಕಡಂಬುಟ್ಟನ್ನು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಅಷ್ಟಕ್ಕೆ ಕಡಿಮೆ ಮಾಡುವುದು ಸರಿಯಾದ ಕ್ರಮ. ಹಗುರ ಎಂಬ ಹೆಸರಿನಲ್ಲಿ ಎರಡು ಬಟ್ಟಲು ತಿಂದರೆ ಲೆಕ್ಕ ಮೊದಲಿಗಿಂತ ಮೇಲೆ ಹೋಗುತ್ತದೆ.

ಮರಸೇಬಿನಲ್ಲಿ ಸಾರ್ಬಿಟಾಲ್ ಎಂಬ ಅಂಶ ಬೇರೆ ಎಷ್ಟೋ ಹಣ್ಣಿಗಿಂತ ಹೆಚ್ಚು. ಅದು ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ. ಮಲಬದ್ಧತೆ ಇರುವವರಿಗೆ ಒಳ್ಳೆಯದು. ಹೊಟ್ಟೆ ಸೂಕ್ಷ್ಮ ಇರುವವರಿಗೂ ಚಿಕ್ಕ ಮಕ್ಕಳಿಗೂ ಜಾಸ್ತಿಯಾದರೆ ಗ್ಯಾಸ್, ಭೇದಿ ಆಗಬಹುದು. ಅವರಿಗೆ ಮೊದಲ ಸಲ ಸ್ವಲ್ಪವೇ ಕೊಡಿ.

ಉಳಿದರೆ ಬಿಸಿ ಇರುವಾಗ ಮುಚ್ಚಬೇಡಿ. ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಇರುತ್ತದೆ. ಮತ್ತೆ ಬಿಸಿ ಮಾಡಲು ಮೈಕ್ರೋವೇವ್ ಬೇಡ, ಪದರ ತೇವವಾಗುತ್ತದೆ. ಓಟಿಜಿಯಲ್ಲಿ 160 ಡಿಗ್ರಿಗೆ ಹತ್ತು ಹದಿನೈದು ನಿಮಿಷ ಇಟ್ಟರೆ ಹದ ಮರಳುತ್ತದೆ. ಮೇಲಿನ ಪುಡಿಯನ್ನು ಒಮ್ಮೆಗೇ ಎರಡರಷ್ಟು ಕಲಸಿ, ಅರ್ಧವನ್ನು ಬೇಯಿಸದೆ ಗಾಳಿಯಾಡದ ಡಬ್ಬದಲ್ಲಿ ಫ್ರೀಜರಿನಲ್ಲಿ ಇಡಬಹುದು. ಒಂದು ತಿಂಗಳವರೆಗೆ ಚೆನ್ನಾಗಿರುತ್ತದೆ. ಅದನ್ನು ಕರಗಿಸದೆ ನೇರವಾಗಿ ಹಣ್ಣಿನ ಮೇಲೆ ಉದುರಿಸಿ ಓವನ್ನಿಗೆ ಇಡಿ. ಮರಸೇಬಿನ ಕಾಲ ಮುಗಿದ ಮೇಲೆ ಅನಾನಸ್‌ಗೂ, ಸೇಬಿಗೂ ಇದೇ ಪುಡಿ ಆಗುತ್ತದೆ. ಅನಾನಸ್ ತುಂಬ ನೀರು ಬಿಡುವುದರಿಂದ ಅದನ್ನು ಮೊದಲು ಬಾಣಲೆಯಲ್ಲಿ ಬತ್ತಿಸಿಕೊಳ್ಳಿ, ಅಕ್ಕಿ ಹಿಟ್ಟನ್ನು ಒಂದು ಚಮಚ ಹೆಚ್ಚಿಸಿ.